ಹುಟ್ಟುವ ಮುನ್ನ ಕಟ್ಟುವ ರಕ್ಷೆ

ಕೊಹೀರಿನ ಕೆಂಪು ನೆಲದಲ್ಲಿ ಬೆಳೆಯುವ ಪೇರಲ ಹಣ್ಣಿಗೆ, ಹೈದರಾಬಾದಿನವರು ಅಕ್ಕರೆಯಿಂದ 'ಜಾಮ್' ಎಂದು ಕರೆದು ಬುಟ್ಟಿಗಟ್ಟಲೆ ಕೊಳ್ಳುವ ಆ ಹಣ್ಣಿಗೆ, ಅದರ ಕೀರ್ತಿಯಷ್ಟೇ ಹಳೆಯದಾದ ಒಂದು ಅಪಕೀರ್ತಿಯೂ ಉಂಟು. ಬಾಣಂತಿಯಿರುವ ಮನೆಯೊಳಕ್ಕೆ ಅದು ಬರಕೂಡದು. ತಾಯಿ ತಿಂದ ಹಣ್ಣಿನ ಶೀತ ಮೊಲೆಹಾಲಿನೊಡನೆ ಇಳಿದು ಕೂಸಿನ ಎದೆಯಲ್ಲಿ ಕಫವಾಗಿ ಕೂಡುತ್ತದೆಂಬುದು ಹಿರಿಯ ಹೆಂಗಸರ ನಿಶ್ಚಿತ ಸಿದ್ಧಾಂತ. ಹಣ್ಣು ಮಾಗುವ ಕಾಲವೂ ಎಳೆಗೂಸುಗಳ ಕೆಮ್ಮು ದಮ್ಮುಗಳ ಕಾಲವೂ ಮಳೆಗಾಲದ ತುದಿಯಿಂದ ಚಳಿಯ ತನಕ ಒಂದರ ಮಗ್ಗುಲಲ್ಲಿ ಒಂದು ಸಾಗುವುದರಿಂದ ಈ ಸಿದ್ಧಾಂತಕ್ಕೆ ವರ್ಷ ವರ್ಷವೂ ಹೊಸ ಸಾಕ್ಷ್ಯ ದೊರೆಯುತ್ತಲೇ ಇರುತ್ತದೆ, ಪೇರಲ ವರ್ಷ ವರ್ಷವೂ ಅಪರಾಧಿಯಾಗುತ್ತಲೇ ಇರುತ್ತದೆ. ನ್ಯಾಯವಾಗಿ ವಿಚಾರಿಸಿದರೆ ಹಣ್ಣು ನಿರ್ದೋಷಿ.

ದೋಷಿಯ ಹೆಸರು ಉದ್ದವಾದುದು: ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್. ವೈದ್ಯರ ಬಾಯಲ್ಲಿ ಅದು ಆರ್‌ಎಸ್‌ವಿ. ಎರಡು ವರ್ಷ ತುಂಬುವುದರೊಳಗೆ ಜಗತ್ತಿನ ಹೆಚ್ಚುಕಡಮೆ ಎಲ್ಲ ಮಕ್ಕಳನ್ನೂ ಒಮ್ಮೆಯಾದರೂ ಮುಟ್ಟಿಹೋಗುವ, ದೊಡ್ಡವರಲ್ಲಿ ಬರಿಯ ನೆಗಡಿಯಾಗಿ ನಾಲ್ಕು ದಿನ ಮೂಗು ಸೋರಿಸಿ ಮರೆಯಾಗುವ ಈ ವೈರಾಣು, ಕೆಲವೇ ವಾರಗಳ ಶಿಶುವಿನ ಶ್ವಾಸಕೋಶದ ಅತಿ ಸೂಕ್ಷ್ಮ ನಾಳಗಳಿಗೆ ಇಳಿಯಿತೆಂದರೆ ಅಲ್ಲಿನ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದು, ಸತ್ತ ಕೋಶಗಳಿಂದಲೂ ಲೋಳೆಯಿಂದಲೂ ನಾಳವನ್ನು ಕಟ್ಟಿಬಿಡುತ್ತದೆ. ದೊಡ್ಡವರ ಶ್ವಾಸನಾಳಕ್ಕೆ ಲೆಕ್ಕಕ್ಕಿಲ್ಲದ ಊತ, ಕೂಸಿನ ನಾಳವನ್ನು ಪೂರ್ತಿ ಮುಚ್ಚಲು ಸಾಕಾಗುತ್ತದೆ. ಆಗ ಮಗು ಮೊಲೆ ಬಿಡುತ್ತದೆ. ಎದೆಯಲ್ಲಿ ಸುಯ್ಯೆನ್ನುವ ಸದ್ದು ಹುಟ್ಟುತ್ತದೆ. ಉಸಿರೆಳೆಯುವಾಗಲೆಲ್ಲ ಪಕ್ಕೆಲುಬಿನ ಕೆಳಗಿನ ಚರ್ಮ ಒಳಕ್ಕೆ ಕುಸಿಯುತ್ತದೆ. ಈ ಸೀಮೆಯ ಕನ್ನಡದ ಮನೆಗಳಲ್ಲಿ 'ಕೂಸಿನ ಪಕ್ಕಿ ಜಗ್ಗಲತ್ತಾವ' ಎಂಬ ಕೂಗು ಏಳುವುದು ಆ ಗಳಿಗೆಯಲ್ಲಿ. ಉರ್ದುವಿನ ಮನೆಗಳಲ್ಲಿ ಅದೇ 'ಪಸ್ಲಿ ಚಲ್ನಾ'.

2019ರ ಒಂದೇ ವರ್ಷದಲ್ಲಿ ಈ ರೋಗದಿಂದ ಐದು ವರ್ಷದೊಳಗಿನ ಒಂದು ಲಕ್ಷಕ್ಕೂ ಮಿಕ್ಕ ಮಕ್ಕಳು ಜಗತ್ತಿನಾದ್ಯಂತ ಮಡಿದರೆಂದೂ, ಮೂವತ್ತಾರು ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರೆಂದೂ, ಸತ್ತವರಲ್ಲಿ ನೂರಕ್ಕೆ 97 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರೆಂದೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸತ್ತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಆರು ತಿಂಗಳನ್ನೂ ದಾಟಿರಲಿಲ್ಲ. ಆ ಅಂದಾಜಿನ ಪ್ರಕಾರವೇ ಸಾವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಹೊರಗೆ ಆದಂಥವು. ಆಫ್ರಿಕದ ಜಾಂಬಿಯ ದೇಶದ ಲುಸಾಕಾ ನಗರದಲ್ಲಿ ಸಂಶೋಧಕರು ಶವಾಗಾರಕ್ಕೆ ಬಂದ ಶಿಶುಗಳ ಮೂಗಿನ ದ್ರವವನ್ನು ಪರೀಕ್ಷಿಸಿದಾಗ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಮನೆಯಲ್ಲಿ ಪ್ರಾಣ ಬಿಟ್ಟ ಎಳೆಗೂಸುಗಳಲ್ಲಿಯೂ ಈ ವೈರಾಣು ಕಂಡುಬಂದಿತು. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಮೇಳಘಾಟದ ಬುಡಕಟ್ಟು ಗ್ರಾಮಗಳಲ್ಲಿ ನಡೆದ ಅಧ್ಯಯನವೂ ಮನೆಯೊಳಗಿನ ಇಂತಹ ಮರಣಗಳತ್ತ ಬೆರಳು ತೋರಿಸಿದೆ. ಯಾವ ದಫ್ತರಿನಲ್ಲಿಯೂ ದಾಖಲಾಗದೆ 'ದಮ್ಮು ಕಟ್ಟಿ ಹೋಯಿತು' ಎಂಬ ಮಾತಿನಲ್ಲಿ ಮುಗಿದುಹೋಗುವ ಜೀವಗಳು ಇವು.

ಪೇರಲದ ಊರಾದ ಕೊಹೀರ್ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ, ಅದುವರೆಗೆ ಬೀದರ್ ಜಿಲ್ಲೆಯ ಅಂಗಗಳಾಗಿದ್ದ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸಂದವು. ಬೀದರ್, ಹುಮನಾಬಾದ್, ಔರಾದ್, ಸೇಡಂ, ಚಿಂಚೋಳಿಗಳು ಮೈಸೂರು ರಾಜ್ಯಕ್ಕೆ ಬಂದವು. ಕಾಗದದ ಮೇಲಿನ ಆ ಗೆರೆ ನೆಂಟಸ್ತನವನ್ನು ಕಡಿಯಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರಿನ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಇಲ್ಲಿನ ಹೆಣ್ಣುಮಕ್ಕಳು ಅಲ್ಲಿಗೆ ಸೊಸೆಯರಾಗಿ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ, ಚೊಚ್ಚಲು ಹೆರಿಗೆಗೆ ತವರಿಗೆ ಮರಳುತ್ತಾರೆ. ಈ ಕೊನೆಯ ಸಂಗತಿ ಈ ರೋಗವನ್ನು ತಡೆಯುವ ಲಸಿಕೆಯ ವಿಚಾರಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಮುಂದೆ ನೋಡೋಣ.

ಇಂತಹ ಊರಿನಲ್ಲಿ ಕೂಸಿನ ಉಸಿರು ಕಟ್ಟಿದರೆ ಅದರ ಮುಂದಿರುವ ದಾರಿ ದೀರ್ಘವಾದುದು. ಮೊದಲು ಮನೆಯ ಮದ್ದು. ಆಮೇಲೆ ದರ್ಗಾದಿಂದಲೋ ಗುಡಿಯಿಂದಲೋ ತಂದ ತಾಯಿತ. ಅಲ್ಲಲ್ಲಿ, ಈಗಲೂ, ಹೊಟ್ಟೆಯ ಮೇಲೆ ಕಾದ ಬಳೆಯ ಬರೆ. ಅನಂತರ ಊರಿನ ಆರ್‌ಎಂಪಿ ಡಾಕ್ಟರ ಸೂಜಿ. ಅದೂ ಫಲಿಸದಾದಾಗ ಜಹೀರಾಬಾದಿನ ಸರ್ಕಾರಿ ದವಾಖಾನೆ. ಅಲ್ಲಿಂದ ಬೀದರೋ ಸಂಗಾರೆಡ್ಡಿಯೋ. ಎಲ್ಲಕ್ಕೂ ಕಡೆಗೆ, ಸುಮಾರು ನೂರು ಕಿಲೋಮೀಟರು ಆಚೆಯ ಹೈದರಾಬಾದಿನಲ್ಲಿ, ನಿಲೋಫರ್. ತಾನು ತಾಯಿಯಾಗದ ಆಟೊಮನ್ ರಾಜವಂಶದ ರಾಜಕುಮಾರಿ ನಿಲೋಫರ್, ಕೊನೆಯ ನಿಜಾಮರ ಎರಡನೆಯ ಮಗ ಮುಅಜ್ಜಂ ಜಾಹರ ಪತ್ನಿ, ತನ್ನ ಪ್ರೀತಿಯ ಪರಿಚಾರಿಕೆ ಹೆರಿಗೆಯಲ್ಲಿ ತೀರಿಕೊಂಡುದನ್ನು ಕಂಡು ಕಳವಳಗೊಂಡುದರ ಫಲವಾಗಿ 1953ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆ, ಹಳೆಯ ಹೈದರಾಬಾದ್ ಸೀಮೆಯ ಬಡ ತಾಯಂದಿರಿಗೆಲ್ಲ ಇಂದಿಗೂ ಅಂತಿಮ ಆಶ್ರಯ. ಅಲ್ಲಿಗೆ ತಲಪಿದರೂ ಆರ್‌ಎಸ್‌ವಿಗೆಂದೇ ಕೊಡತಕ್ಕ ನೇರವಾದ ಔಷಧ ವೈದ್ಯನ ಕೈಯಲ್ಲಿಲ್ಲ. ಆಮ್ಲಜನಕ ಕೊಡಬಹುದು, ಹನಿಹನಿಯಾಗಿ ಆಹಾರ ಕೊಡಬಹುದು, ಮೂಗು ತೆರವು ಮಾಡಬಹುದು, ಕಾಯಬಹುದು. ವೈರಾಣುವಿನ ಮೇಲೆ ಆಂಟಿಬಯಾಟಿಕ್ ನಡೆಯುವುದಿಲ್ಲ. ಬಂದ ಮೇಲೆ ಮಾಡಲು ಇಷ್ಟು ಸ್ವಲ್ಪವೇ ಇರುವ ರೋಗದಲ್ಲಿ ಬಾರದಂತೆ ಮಾಡುವುದೇ ಮುಖ್ಯ ಚಿಕಿತ್ಸೆ. ಆ ಒಂದು ಉಪಾಯಕ್ಕಾಗಿ ವಿಜ್ಞಾನ ಅರವತ್ತಕ್ಕೂ ಹೆಚ್ಚು ವರ್ಷ ಅಲೆದ ಕಥೆ, ಇಪ್ಪತ್ತನೆಯ ಶತಮಾನದ ವೈದ್ಯಶಾಸ್ತ್ರದ ಅತ್ಯಂತ ದುಃಖಕರವಾದ ಅಧ್ಯಾಯಗಳಲ್ಲಿ ಒಂದನ್ನು ಒಳಗೊಂಡಿದೆ.

1956ರಲ್ಲಿ, ಇಲ್ಲಿ ಗಡಿಗೆರೆಗಳು ಬೀಳುತ್ತಿದ್ದ ವರ್ಷದಲ್ಲಿಯೇ, ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ನೆಗಡಿ ಹಿಡಿದ ಚಿಂಪಾಂಜಿಗಳ ಮೂಗಿನಿಂದ ಒಂದು ಹೊಸ ವೈರಾಣುವನ್ನು ಬೇರ್ಪಡಿಸಿರುವುದಾಗಿ ಪ್ರಕಟಿಸಿದರು. ಮರುವರ್ಷ ರಾಬರ್ಟ್ ಚಾನಕ್ ಎಂಬ ತರುಣ ವೈದ್ಯ ಬಾಲ್ಟಿಮೋರಿನಲ್ಲಿ ಶ್ವಾಸರೋಗದಿಂದ ನರಳುತ್ತಿದ್ದ ಶಿಶುಗಳಲ್ಲಿ ಅದನ್ನೇ ಕಂಡನು. ಅದು ಕಪಿಯ ರೋಗವಲ್ಲ, ಮನುಷ್ಯಶಿಶುವಿನ ರೋಗವೆಂಬುದು ಖಚಿತವಾಯಿತು. ಅದು ಪೋಲಿಯೋ ಲಸಿಕೆಯ ವಿಜಯದ ಕಾಲ. ವೈರಾಣುವನ್ನು ಫಾರ್ಮಾಲಿನ್‌ನಲ್ಲಿ ಕೊಂದು ಚುಚ್ಚಿದರೆ ದೇಹ ಅದನ್ನು ಗುರುತಿಟ್ಟುಕೊಂಡು ರಕ್ಷಣೆ ಕಟ್ಟಿಕೊಳ್ಳುತ್ತದೆಂಬ ಜೋನಾಸ್ ಸಾಕನ ಮಾರ್ಗ 1955ರಲ್ಲಿ ಲೋಕಮಾನ್ಯವಾಗಿತ್ತು. ಅದೇ ಮಾರ್ಗದಲ್ಲಿ ಆರ್‌ಎಸ್‌ವಿಗೂ ಲಸಿಕೆ ಸಿದ್ಧವಾಯಿತು. 1966ರ ಸುಮಾರಿಗೆ ವಾಷಿಂಗ್‌ಟನ್ ನಗರವೂ ಸೇರಿದಂತೆ ಕೆಲವು ಕಡೆ ಶಿಶುಗಳಿಗೆ ಅದನ್ನು ಹಾಕಿದರು.

ಮುಂದಿನ ಚಳಿಗಾಲದಲ್ಲಿ ಆದದ್ದು ಯಾರೂ ಎಣಿಸದಿದ್ದುದು. ವಾಷಿಂಗ್‌ಟನ್ನಿನ ಆ ಪ್ರಯೋಗದಲ್ಲಿ ಲಸಿಕೆ ಪಡೆದ ಮೇಲೆ ಸೋಂಕು ತಗಲಿದ 20 ಶಿಶುಗಳಲ್ಲಿ 16 ಶಿಶುಗಳು ತೀವ್ರವಾಗಿ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದುವು. ಈ ಲಸಿಕೆಯಿಲ್ಲದೆ ಸೋಂಕು ತಗಲಿದ 21 ಶಿಶುಗಳಲ್ಲಿ ಆಸ್ಪತ್ರೆಯನ್ನು ಕಂಡುದು ಒಂದೇ. ಲಸಿಕೆ ಪಡೆದವುಗಳಲ್ಲಿ ಎರಡು ಮಕ್ಕಳು ಸತ್ತುಹೋದುವು. ರಕ್ಷಿಸಲೆಂದು ಕೊಟ್ಟದ್ದೇ ರೋಗಕ್ಕೆ ಬಲ ಕೊಟ್ಟಿತ್ತು. ಈ ವೃತ್ತಾಂತವನ್ನು ಲಸಿಕೆಯ ವಿರೋಧಿಗಳು ಆಗಾಗ ತಮ್ಮ ವಾದಕ್ಕೆ ಎತ್ತಿಕೊಳ್ಳುತ್ತಾರೆ. ನನಗೆ ಅದು ವಿರುದ್ಧ ಪಕ್ಷದ ಸಾಕ್ಷ್ಯವಾಗಿ ತೋರುತ್ತದೆ. ಆ ದುರಂತವನ್ನು ಬಚ್ಚಿಡಲಿಲ್ಲ. 1969ರಲ್ಲಿ ಅದರ ಅಂಕಿಗಳನ್ನೆಲ್ಲ ಆ ಪ್ರಯೋಗ ನಡೆಸಿದವರೇ ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಕಾರಣ ತಿಳಿಯುವವರೆಗೆ ಇನ್ನೊಂದು ಕೂಸಿನ ಮೈಗೆ ಅಂತಹ ಲಸಿಕೆಯ ಸೂಜಿ ತಾಗಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕಾರಣ ತಿಳಿಯುವುದಕ್ಕೆ ಮಾತ್ರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಈ ನಡುವೆ 1998ರಲ್ಲಿ ಅಮೆರಿಕದಲ್ಲಿ ಪಾಲಿವಿಜುಮಾಬ್ ಎಂಬ ಸಿದ್ಧ ಪ್ರತಿಕಾಯ ಬಳಕೆಗೆ ಬಂದಿತು. ಅವಧಿಗೆ ಮುನ್ನ ಹುಟ್ಟಿದ, ಹೃದಯ ಶ್ವಾಸಕೋಶಗಳ ದೋಷವಿರುವ ಶಿಶುಗಳಿಗೆ ತಿಂಗಳಿಗೊಂದರಂತೆ ಋತುವಿಡೀ ಚುಚ್ಚಬೇಕಾದ, ಬೆಲೆಯಲ್ಲಿ ಶ್ರೀಮಂತ ದೇಶಗಳ ಶ್ರೀಮಂತರಿಗೂ ಭಾರವಾದ ಆ ಔಷಧದಿಂದ ಕೊಹೀರಿಗೆ ಆಗಬಹುದಾದ ಪ್ರಯೋಜನ ಶೂನ್ಯ.

ರಹಸ್ಯ ಅಡಗಿದ್ದುದು ವೈರಾಣುವಿನ ಮೈಮೇಲೆ ಚುಚ್ಚಿಕೊಂಡಿರುವ ಎಫ್ ಎಂಬ ಪ್ರೋಟೀನಿನ ಆಕಾರದಲ್ಲಿ. ಜೀವಕೋಶದೊಳಕ್ಕೆ ವೈರಾಣು ನುಗ್ಗುವುದು ಈ ಪ್ರೋಟೀನಿನ ನೆರವಿನಿಂದ. ನುಗ್ಗುವ ಮೊದಲು ಅದು ಎಳೆದು ಕಟ್ಟಿಟ್ಟ ಇಲಿಬೋನಿನಂತೆ ಬಿಗಿದುಕೊಂಡಿರುತ್ತದೆ. ಒಮ್ಮೆ ಸಿಡಿದರೆ ಬೇರೆಯೇ ಆಕಾರ ತಾಳಿ, ಮತ್ತೆ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ನಿಜವಾಗಿ ವೈರಾಣುವನ್ನು ತಡೆಯಬಲ್ಲ ಪ್ರತಿಕಾಯಗಳಲ್ಲಿ ಬಲಿಷ್ಠವಾದವು ಹಿಡಿಯುವುದು ಸಿಡಿಯುವುದಕ್ಕೆ ಮುಂಚಿನ ರೂಪವನ್ನು. ಫಾರ್ಮಾಲಿನ್‌ನಲ್ಲಿ ಬೆಂದ ಹಳೆಯ ಲಸಿಕೆ ಶಿಶುವಿನ ದೇಹಕ್ಕೆ ತೋರಿಸಿಕೊಟ್ಟುದು ಬಹುಮಟ್ಟಿಗೆ ಸಿಡಿದ ಬೋನನ್ನೇ. ಆದುದರಿಂದ ಹುಟ್ಟಿದ ಪ್ರತಿಕಾಯಗಳು ವೈರಾಣುವಿಗೆ ಅಂಟಿಕೊಂಡರೂ ಅದನ್ನು ತಡೆಯಲಾರದೆ ಹೋದುವು. ಅಷ್ಟೇ ಅಲ್ಲದೆ ದೇಹದ ರಕ್ಷಣಾಪಡೆ ದಾರಿ ತಪ್ಪಿ, ಶ್ವಾಸಕೋಶದಲ್ಲಿಯೇ ಉರಿಯೂತವನ್ನು ಎಬ್ಬಿಸಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲಸಿಕಾ ಸಂಶೋಧನ ಕೇಂದ್ರದಲ್ಲಿ ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಅವರ ಬಳಿ ತರುಣ ಸಂಶೋಧಕನಾಗಿದ್ದ ಜೇಸನ್ ಮೆಕ್‌ಲೆಲನ್, ಡಿ25 ಎಂಬ ಪ್ರಬಲ ಪ್ರತಿಕಾಯವನ್ನು ಗಾಳವಾಗಿ ಬಳಸಿ, ಸಿಡಿಯದ ಎಫ್ ಪ್ರೋಟೀನನ್ನು ಹಿಡಿದು ನಿಲ್ಲಿಸಿ, ಅದರ ಪರಮಾಣು ಪರಮಾಣುವಿನ ಚಿತ್ರವನ್ನು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ, ಪ್ರೋಟೀನಿನ ಎರಡು ಬಿಂದುಗಳ ನಡುವೆ ಗಂಧಕದ ಒಂದು ಬೆಸುಗೆಯನ್ನು ಹಾಕಿ, ಒಳಗಿನ ಪೊಳ್ಳುಗಳನ್ನು ತುಂಬಿ, ಅದು ಎಂದೆಂದಿಗೂ ಸಿಡಿಯದೆ ನಿಲ್ಲುವಂತೆ ಮಾಡಿದರು. ಲಸಿಕೆಯಾಗಿ ಕೊಡಬೇಕಾದ ವಸ್ತು ಹೀಗೆ ಮೊಟ್ಟಮೊದಲ ಬಾರಿಗೆ ಸರಿಯಾದ ಆಕಾರದಲ್ಲಿ ಮನುಷ್ಯನ ಕೈಗೆ ಬಂದಿತು. ಎಳೆಗೂಸುಗಳಿಗಾಗಿ ಸಂಪಾದಿಸಿದ ಈ ವಿದ್ಯೆ ಏಳು ವರ್ಷಗಳ ತರುವಾಯ ಮುದುಕರನ್ನು ಉಳಿಸಿತೆಂಬುದನ್ನೂ ಇಲ್ಲಿ ಹೇಳಬೇಕು. ಕೊರೋನಾ ವೈರಾಣುವಿನ ಮುಳ್ಳನ್ನು ಸಿಡಿಯದಂತೆ ಬಿಗಿಹಿಡಿದು ಲಸಿಕೆ ಮಾಡುವ ಉಪಾಯ ಗ್ರಹಾಂ ಮತ್ತು ಮೆಕ್‌ಲೆಲನ್ನರಿಗೆ ಹೊಳೆದುದು ಇದೇ ಅಭ್ಯಾಸದ ಬಲದಿಂದ.

ಸರಿಯಾದ ವಸ್ತು ದೊರೆತ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಚುಚ್ಚುವುದು ಯಾರಿಗೆ? ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಶ್ವಾಸಕೋಶವನ್ನು ಕಾಯುವ ಲಸಿಕೆಗಳು ಹಲವು ಉಂಟು. ನಾಯಿಕೆಮ್ಮಿಗೂ ಹಿಬ್ ಎಂಬ ಬ್ಯಾಕ್ಟೀರಿಯಕ್ಕೂ ಮದ್ದಾದ ಪೆಂಟಾವೇಲೆಂಟ್, 2017ರಿಂದ ಕೆಲವು ರಾಜ್ಯಗಳಲ್ಲಿಯೂ 2021ರಿಂದ ದೇಶದ ಎಲ್ಲೆಡೆಗಳಲ್ಲಿಯೂ ಹಬ್ಬಿದ ನ್ಯೂಮೋಕಾಕಸ್ ಲಸಿಕೆ, ದಡಾರದ ಲಸಿಕೆ. ಮೊದಲೆರಡು ಆರಂಭವಾಗುವುದು ಆರನೆಯ ವಾರಕ್ಕೆ, ದಡಾರದ್ದು ಒಂಬತ್ತನೆಯ ತಿಂಗಳಿಗೆ. ಆರ್‌ಎಸ್‌ವಿ ಅಷ್ಟು ಕಾಲ ಕಾಯುವುದಿಲ್ಲ. ನಾಲ್ಕು ವಾರದ ಕೂಸಿಗೆ ಲಸಿಕೆ ಚುಚ್ಚಿ, ಅದರ ಬಲಿಯದ ರಕ್ಷಣಾವ್ಯವಸ್ಥೆ ಉತ್ತರ ಕೊಡುವವರೆಗೆ ಕುಳಿತಿರುವುದಾದರೆ ರೋಗ ತನ್ನ ಕೆಲಸವನ್ನು ಮುಗಿಸಿಕೊಂಡು ಹೋಗಿರುತ್ತದೆ. ಅದರ ಮೇಲೆ 1966ರ ನೆನಪು ಬೇರೆ. ಆದುದರಿಂದ ಚುಚ್ಚತಕ್ಕದ್ದು ತಾಯಿಗೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದ ಶಿಶುವಿಗೆ ಸಾಗಿಹೋಗುತ್ತವೆ. ಪ್ರಕೃತಿ ತಾನಾಗಿ ನಡೆಸಿಕೊಂಡು ಬಂದಿರುವ ಈ ದಾನದ ಪ್ರಮಾಣವನ್ನು ಹೆಚ್ಚಿಸುವುದಷ್ಟೇ ಲಸಿಕೆಯ ಕೆಲಸ.

ಹಾಗೆ ಸಿದ್ಧವಾದ ಫೈಜರ್ ಸಂಸ್ಥೆಯ ಅಬ್ರಿಸ್ವೊ ಲಸಿಕೆಯನ್ನು 18 ದೇಶಗಳ ಏಳು ಸಾವಿರಕ್ಕೂ ಮಿಕ್ಕ ಗರ್ಭಿಣಿಯರಲ್ಲಿ ಪರೀಕ್ಷಿಸಿದರು. ಹುಟ್ಟಿದ ಮೂರು ತಿಂಗಳೊಳಗೆ ವೈದ್ಯರಲ್ಲಿಗೆ ಒಯ್ಯಬೇಕಾದಂತಹ ತೀವ್ರ ಆರ್‌ಎಸ್‌ವಿ ರೋಗವನ್ನು ಅದು ನೂರಕ್ಕೆ ಸುಮಾರು 82ರಷ್ಟು, ಆರು ತಿಂಗಳವರೆಗಿನದನ್ನು 69ರಷ್ಟು ತಗ್ಗಿಸಿತು. 2023ರ ಆಗಸ್ಟಿನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. 1966ರ ಆ ಹಳೆಯ ಲಸಿಕೆಯನ್ನು ತಯಾರಿಸಿಕೊಟ್ಟುದೂ ಇದೇ ಫೈಜರ್ ಎಂಬುದನ್ನು ನೆನೆದರೆ, ಸಂಸ್ಥೆಗಳ ಆಯುಸ್ಸೂ ಮನುಷ್ಯರ ಆಯುಸ್ಸಿನಂತೆ ತಪ್ಪನ್ನು ತಿದ್ದಿಕೊಳ್ಳುವಷ್ಟು ದೀರ್ಘವಾಗಿರುವುದು ಒಳ್ಳೆಯದೆಂದು ತೋರುತ್ತದೆ. ಇನ್ನೊಂದು ದಾರಿಯೂ ಅದೇ ಹೊತ್ತಿಗೆ ತೆರೆಯಿತು. ಡಿ25ರ ವಂಶದ್ದೇ ಆದ ನಿರ್ಸೆವಿಮಾಬ್ ಎಂಬ ಪ್ರತಿಕಾಯವನ್ನು ಹುಟ್ಟಿದ ಕೂಸಿಗೇ ಒಮ್ಮೆ ಚುಚ್ಚಿದರೆ ಒಂದು ಋತುವಿನ ಪರ್ಯಂತ ಅದು ಕಾಯುತ್ತದೆ. ಸ್ಪೇನ್ ದೇಶದ ಗಲೀಸಿಯ ಪ್ರಾಂತ ಅದನ್ನು ಎಲ್ಲ ಶಿಶುಗಳಿಗೂ ಕೊಟ್ಟು, ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ನೂರಕ್ಕೆ 82ರಷ್ಟು ಇಳಿಸಿತು. ಅವಧಿಗೆ ಮುನ್ನ ಹುಟ್ಟಿ ತಾಯಿಯಿಂದ ಪ್ರತಿಕಾಯ ಪಡೆಯಲು ಅವಕಾಶವೇ ಆಗದ ಶಿಶುಗಳಿಗೆ ಇದೇ ಗತಿ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಾಯಿಯ ಲಸಿಕೆಗೆ ಪೂರ್ವಾರ್ಹತೆಯ ಮುದ್ರೆ ಒತ್ತಿ, ಇವೆರಡರಲ್ಲಿ ಒಂದನ್ನಾದರೂ ಎಲ್ಲ ದೇಶಗಳೂ ಬಳಸಬೇಕೆಂದು ಸೂಚಿಸಿತು.

ದಾರಿ ನಿಷ್ಕಂಟಕವಾಗಿತ್ತೆಂದು ಹೇಳಲಾಗದು. ಇನ್ನೊಂದು ದೊಡ್ಡ ಸಂಸ್ಥೆಯಾದ ಜಿಎಸ್‌ಕೆ ತಯಾರಿಸಿದ ತಾಯಿಯ ಲಸಿಕೆಯ ಪ್ರಯೋಗವನ್ನು, ಅವಧಿಪೂರ್ವ ಹೆರಿಗೆಗಳು ಹೆಚ್ಚಾಗಿ ಕಂಡುದರಿಂದ, 2022ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅಬ್ರಿಸ್ವೊ ಪ್ರಯೋಗದಲ್ಲಿಯೂ ಅಂತಹ ಹೆರಿಗೆಗಳು ಲಸಿಕೆ ಪಡೆದವರಲ್ಲಿ ನೂರಕ್ಕೆ 5.7, ಪಡೆಯದವರಲ್ಲಿ 4.7, ವ್ಯತ್ಯಾಸ ಆಕಸ್ಮಿಕವಿರಬಹುದಾದಷ್ಟು ಚಿಕ್ಕದು, ಆದರೂ ಅಮೆರಿಕ ಎಚ್ಚರಿಕೆಯಿಂದ 32ರಿಂದ 36ನೆಯ ವಾರದವರಿಗೆ ಮಾತ್ರ ಅದನ್ನು ಮಿತಗೊಳಿಸಿತು, ಬ್ರಿಟನ್ 28ನೆಯ ವಾರದಿಂದಲೇ ಕೊಡುತ್ತಿದೆ. ಆ 18 ದೇಶಗಳಲ್ಲಿ ಭಾರತವಿರಲಿಲ್ಲವೆಂಬುದು ನಮ್ಮ ಮಟ್ಟಿಗೆ ಮುಖ್ಯವಾದ ಸಂಗತಿ. ರಕ್ತಹೀನತೆಯಿಂದ ಬಳಲುವ, ತೂಕ ಕಡಮೆಯ ಮಕ್ಕಳನ್ನು ಹೆರುವ ನಮ್ಮ ಗ್ರಾಮಗಳ ತಾಯಂದಿರಲ್ಲಿ ಈ ಲಸಿಕೆ ಹೇಗೆ ನಡೆಯುತ್ತದೆಂಬುದನ್ನು ನಮ್ಮ ನೆಲದಲ್ಲಿ ನಾವೇ ಪರೀಕ್ಷಿಸಿ ಕಂಡುಕೊಳ್ಳಬೇಕು.

ಬಸುರಿಯ ತೋಳಿಗೆ ಸೂಜಿ ಚುಚ್ಚುವುದೆಂದರೆ ಹಳ್ಳಿಗಳು ಒಪ್ಪಿಯಾವೇ ಎಂದು ಪಟ್ಟಣದ ಪಂಡಿತರು ಕೇಳುವುದುಂಟು. ಹಳ್ಳಿಗಳು ಎಂದೋ ಒಪ್ಪಿವೆ. ಕುಡುಗೋಲಿನಿಂದ ಹೊಕ್ಕುಳ ಬಳ್ಳಿಯನ್ನು ಕೊಯ್ದು ಬೂದಿ ಮೆತ್ತುತ್ತಿದ್ದ ಕಾಲದಲ್ಲಿ, ಹುಟ್ಟಿದ ವಾರದೊಳಗೆ ಬಾಯಿ ಕಚ್ಚಿ ಮೈ ಬಿಲ್ಲಾಗಿ ಸಾಯುತ್ತಿದ್ದ ಕೂಸುಗಳ ಸಂಖ್ಯೆ 1980ರ ದಶಕದ ಕೊನೆಯಲ್ಲಿಯೂ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತೆಂದು ಅಂದಾಜು. ಬಸುರಿಯರಿಗೆ ಧನುರ್ವಾಯುವಿನ ಲಸಿಕೆ, ದವಾಖಾನೆಯಲ್ಲಿ ಹೆರಿಗೆ, ಸ್ವಚ್ಛವಾದ ಬ್ಲೇಡು: ಇಷ್ಟರಿಂದಲೇ 2015ರಲ್ಲಿ ಆ ಮೃತ್ಯು ದೇಶದಿಂದ ತೊಲಗಿತೆಂದು ಘೋಷಣೆಯಾಯಿತು. ಇಂದು ಕೊಹೀರಿನ ಯಾವ ಗರ್ಭಿಣಿಯೂ ಆ ಸೂಜಿಗೆ ಹೆದರುವುದಿಲ್ಲ. ಹಾಕಿಸಿಕೊಳ್ಳದಿದ್ದರೆ ಅತ್ತೆಯೇ ಗದರುತ್ತಾಳೆ. ತಾಯಿಯ ತೋಳಿಗೆ ಹಾಕಿದ್ದು ಕೂಸನ್ನು ಕಾಯುತ್ತದೆಂಬ ತತ್ತ್ವವನ್ನು ಆಶಾ ಕಾರ್ಯಕರ್ತೆ ಹೊಸದಾಗಿ ಬೋಧಿಸಬೇಕಾಗಿಲ್ಲ.

  

ಹಾಗಾದರೆ ಅಡ್ಡಿ ಎಲ್ಲಿ? ಬೆಲೆಯಲ್ಲಿ. ಅಮೆರಿಕದಲ್ಲಿ ತಾಯಿಯ ಲಸಿಕೆಯ ಒಂದು ಡೋಸಿನ ಪಟ್ಟಿಬೆಲೆ ಮುನ್ನೂರು ಡಾಲರಿನ ಹತ್ತಿರ, ಕೂಸಿನ ಪ್ರತಿಕಾಯದ್ದು ಐನೂರರ ಹತ್ತಿರ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿ ಆರ್‌ಎಸ್‌ವಿಗೆ ಇನ್ನೂ ಸ್ಥಾನವಿಲ್ಲ. ಈ ಬೆಲೆಗೆ ಸ್ಥಾನ ಸಿಗುವುದೂ ಇಲ್ಲ. ಇಲ್ಲಿಯೇ ಕೊಹೀರಿನ ಭೂಗೋಳ ನಮಗೆ ಒಂದು ಆಸೆಯನ್ನು ಕೊಡುತ್ತದೆ. ಯಾವ ಹೆದ್ದಾರಿಯ ಮೇಲೆ ಇಲ್ಲಿನ ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ನಿಲೋಫರಿಗೆ ಓಡುತ್ತಾರೋ ಆ ಹೆದ್ದಾರಿಯ ತುದಿಯಲ್ಲಿರುವುದು ಜಗತ್ತಿನ ಲಸಿಕೆಯ ರಾಜಧಾನಿಗಳಲ್ಲಿ ಒಂದು. ನಿಲೋಫರ್ ತೆರೆದ 1953ರಲ್ಲಿಯೇ ಹೈದರಾಬಾದಿನಲ್ಲಿ ಬಯಾಲಾಜಿಕಲ್ ಇ ಹುಟ್ಟಿತು. 1993ರಲ್ಲಿ ವರಪ್ರಸಾದ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್, 1996ರಲ್ಲಿ ಕೃಷ್ಣ ಎಲ್ಲ ಅವರ ಭಾರತ್ ಬಯೋಟೆಕ್. ಹೊರದೇಶದಿಂದ ಬರುತ್ತಿದ್ದ ಹೆಪಟೈಟಿಸ್ ಬಿ ಲಸಿಕೆಗೆ ನೂರಾರು ರೂಪಾಯಿ ತೆರಬೇಕಾಗಿದ್ದ ಕಾಲದಲ್ಲಿ ಶಾಂತಾ 1997ರಲ್ಲಿ ಅದನ್ನು ಯೀಸ್ಟಿನಲ್ಲಿ ಬೆಳೆಸಿ ಜನಸಾಮಾನ್ಯರ ಕೈಗೆಟುಕುವಂತೆ ಮಾಡಿತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಮಹಾರಾಜ ಕಿಶನ್ ಭಾನ್ ಮತ್ತು ಅವರ ಸಂಗಡಿಗರು ನವಜಾತ ಶಿಶುಗಳಲ್ಲಿ ಕಂಡ ಒಂದು ಸಾಧು ರೋಟಾವೈರಸ್ಸಿನಿಂದ ಭಾರತ್ ಬಯೋಟೆಕ್ ತಯಾರಿಸಿದ ಭೇದಿಯ ಲಸಿಕೆ ರೋಟಾವ್ಯಾಕ್, ಡೋಸಿಗೆ ಒಂದು ಡಾಲರಿನ ಬೆಲೆಯನ್ನು ಸಾರಿ 2015ರಲ್ಲಿ ಹೊರಬಂದಿತು. ಕೊರೋನಾ ಕಾಲದಲ್ಲಿ ಬಯಾಲಾಜಿಕಲ್ ಇ ತನ್ನ ಕಾರ್ಬಿವ್ಯಾಕ್ಸನ್ನು ತೆರಿಗೆ ಬಿಟ್ಟು 145 ರೂಪಾಯಿಗೆ ಸರ್ಕಾರಕ್ಕೆ ಮಾರಿತು.

ಆರ್‌ಎಸ್‌ವಿಯ ಸಿಡಿಯದ ಪ್ರೋಟೀನನ್ನು ಅಗ್ಗವಾಗಿ ಮಾಡುವುದು ಇವುಗಳಷ್ಟು ಸುಲಭವಲ್ಲ. ಯೀಸ್ಟು ಅಗ್ಗದ ಮೇವು ತಿಂದು ಬೇಗ ಬೆಳೆಯುವ ಜೀವಿ. ಆದರೆ ಅಬ್ರಿಸ್ವೊದ ಪ್ರೋಟೀನನ್ನು ಬೆಳೆಸುವುದು ಸಸ್ತನಿಯ ಜೀವಕೋಶಗಳಲ್ಲಿ, ದುಬಾರಿಯಾದ ಉಪಚಾರದಲ್ಲಿ. ಹಾಗಿದ್ದರೂ ಅದು ಹೈದರಾಬಾದಿಗೆ ಮೀರಿದ ವಿದ್ಯೆಯೆಂದು ನಾನು ನಂಬಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ಬಳಗ, ಪ್ರೋಟೀನುಗಳನ್ನು ಬಿಗಿಗೊಳಿಸುವ ಕಲೆಯಲ್ಲಿ ಪರಿಣತವಾಗಿ, ತಿಂಗಳುಕಾಲ 37 ಡಿಗ್ರಿ ಸೆಖೆಯಲ್ಲಿದ್ದರೂ ಕೆಡದ ಕೊರೋನಾ ಲಸಿಕೆಯ ವಸ್ತುವನ್ನು ರೂಪಿಸಿ ತೋರಿಸಿದೆ. ಬೆಂಗಳೂರಿನ ವಿದ್ಯೆ, ಹೈದರಾಬಾದಿನ ಕಾರ್ಖಾನೆ, ದೆಹಲಿಯ ಖರೀದಿ ಈ ಮೂರೂ ಒಂದು ಉದ್ದೇಶಕ್ಕೆ ಕೂಡಿಬರುವುದಾದರೆ ಬೆಲೆ ಇಳಿಯುತ್ತದೆ. ಕೋಟಿಗಟ್ಟಲೆ ಗರ್ಭಿಣಿಯರಿಗೆ ಕೊಳ್ಳುವೆನೆಂದು ಸರ್ಕಾರ ಮೊದಲು ಮಾತು ಕೊಡಬೇಕು. ಕೊಳ್ಳುವವರಿಲ್ಲದ ಲಸಿಕೆಯನ್ನು ಅಗ್ಗವಾಗಿ ಮಾಡುವವರು ಲೋಕದಲ್ಲಿಲ್ಲ.

ಲಸಿಕೆ ಬಂದ ಮೇಲೂ ಈ ಗಡಿಸೀಮೆಯಲ್ಲಿ ಅದರದೇ ಆದ ತೊಡಕುಗಳಿರುತ್ತವೆ. ತಾಯಿಗೆ ಚುಚ್ಚಿದ ಮೇಲೆ ಪ್ರತಿಕಾಯ ಹುಟ್ಟಿ ಕೂಸಿಗೆ ಸಾಗಲು ಕನಿಷ್ಠ ಎರಡು ವಾರ ಬೇಕು. ತೀರ ಮುಂಚೆ ಕೊಟ್ಟರೂ ಫಲ ಕಡಮೆ. ಆದುದರಿಂದ ವಾರಗಳ ಲೆಕ್ಕ ಖಚಿತವಾಗಿರಬೇಕು. ಏಳನೆಯ ತಿಂಗಳು ತುಂಬುವ ಆ ಹೊತ್ತಿಗೆ ಸರಿಯಾಗಿಯೇ ನಮ್ಮ ಸಂಪ್ರದಾಯ ಸೀಮಂತ ಮಾಡಿ ಹೆಣ್ಣನ್ನು ತವರಿಗೆ ಕಳಿಸಿಕೊಡುತ್ತದೆ. ಕೊಹೀರಿನ ಸೊಸೆ ಹುಮನಾಬಾದಿನ ಮಗಳಾಗಿ, ತೆಲಂಗಾಣದ ತಾಯಿ-ಮಗುವಿನ ಆರೋಗ್ಯ ಕಾರ್ಡನ್ನು ಕೈಯಲ್ಲಿ ಹಿಡಿದು ಕರ್ನಾಟಕದ ಆರೋಗ್ಯ ಕೇಂದ್ರದ ಮುಂದೆ ನಿಂತಾಗ, ತೆಲುಗಿನ ಬರವಣಿಗೆಯನ್ನು ಓದಲಾರದ ಸಹಾಯಕಿ 'ನಿಮ್ಮ ಊರಿನಲ್ಲೇ ಹಾಕಿಸಿಕೋ' ಎಂದು ಕಳಿಸಿದರೆ, ಆ ಎರಡು ವಾರಗಳು ಅಲ್ಲಿಗೆ ಕಳೆದುಹೋದುವು. ನಾರಾಯಣಖೇಡದ ತಾಂಡಾಗಳಿಂದ ಕಬ್ಬಿನ ಕಟಾವಿಗೆ ವಲಸೆ ಹೋಗುವ ದಂಪತಿಗಳ ಪಾಡು ಇನ್ನೂ ಕಠಿನ. ಅವರ ಕೂಸುಗಳು ಚಳಿಗಾಲದಲ್ಲಿ ಗದ್ದೆಯಂಚಿನ ಗುಡಿಸಲಿನಲ್ಲಿರುತ್ತವೆ. ಎರಡೂ ರಾಜ್ಯಗಳು ಪರಸ್ಪರರ ಕಾರ್ಡನ್ನು ಮಾನ್ಯ ಮಾಡಿ, ಎರಡೂ ಲಿಪಿಗಳಲ್ಲಿ ಅದನ್ನು ಅಚ್ಚು ಹಾಕಿಸುವುದು ಲಸಿಕೆ ಬರುವ ತನಕ ಕಾಯಬೇಕಾದ ಕೆಲಸವಲ್ಲ. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಸಾಮಾನ್ಯವಾಗಿ ಚಳಿಗಾಲದ್ದು, ದಕ್ಷಿಣದಲ್ಲಿ ಮಳೆಗಾಲದೊಡನೆ ಬರತಕ್ಕದ್ದು. ಎರಡರ ನಡುವಿನ ಈ ದಖ್ಖನಿನಲ್ಲಿ ಋತು ನೋಡದೆ ವರ್ಷವಿಡೀ ಕೊಡುವುದೇ ಸರಳ.

ವಾರ್ತೆ ಮುಟ್ಟಿಸುವುದಕ್ಕೆ ಈ ಸೀಮೆಗೆ ಬೇರೆಡೆ ಅಪರೂಪವಾದ ಸೌಕರ್ಯವೊಂದುಂಟು. ಮೈಸೂರು ಕಡೆಯಿಂದ ಬಂದು ಪಸ್ತಾಪುರದಲ್ಲಿ ನೆಲೆಸಿದ ಪಿ. ವಿ. ಸತೀಶರು 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು, 2008ರಿಂದ ಮಾಚನೂರಿನಲ್ಲಿ 'ಸಂಘಂ ರೇಡಿಯೋ' ನಡೆಸುತ್ತ ಬಂದವರು. ಸತೀಶರು 2023ರಲ್ಲಿ ತೀರಿಕೊಂಡರು. ಸಿರಿಧಾನ್ಯದ ಬೀಜವನ್ನು ಮನೆಮನೆಗೆ ಮುಟ್ಟಿಸಿದ ಆ ಹೆಂಗಸರ ದನಿ, ಬಾಣಂತಿಯ ಕೋಣೆಯಲ್ಲಿ ಹಗಲಿರುಳು ಉರಿಯುವ ಶೆಗಡಿಯ ಹೊಗೆಯಿಂದಲೂ, ಮಿಂದ ಕೂಸಿಗೆ ಹಾಕುವ ಲೋಬಾನದ ಧೂಪದಿಂದಲೂ ಎಳೆಯ ಶ್ವಾಸನಾಳಕ್ಕಾಗುವ ಹಾನಿಯನ್ನು ಹೇಳಿದರೆ ನಂಬುವವರಿದ್ದಾರೆ. ವೈದ್ಯಾಧಿಕಾರಿಯ ಭಿತ್ತಿಪತ್ರವನ್ನು ಓದುವವರಿಲ್ಲ. ಮನೆಯೊಳಕ್ಕೆ ವೈರಾಣುವನ್ನು ತರುವುದು ಬಹುಪಾಲು ಅಂಗನವಾಡಿಗೋ ಶಾಲೆಗೋ ಹೋಗಿಬರುವ ಅಕ್ಕ ಅಣ್ಣಂದಿರು; ಮೂಗು ಸೋರುತ್ತಿರುವ ಹುಡುಗ ತೊಟ್ಟಿಲ ಬಳಿ ಸುಳಿಯದಂತೆಯೂ, ತೊಟ್ಟಿಲ ಶಾಸ್ತ್ರಕ್ಕೆ ಬಂದ ನೆಂಟರೆಲ್ಲ ಕೂಸನ್ನು ಮುದ್ದಿಡದಂತೆಯೂ ನೋಡಿಕೊಳ್ಳುವುದಕ್ಕೆ ಯಾವ ಕಾರ್ಖಾನೆಯ ನೆರವೂ ಬೇಡ. ಬಾಣಂತಿ ಪೇರಲ ತಿನ್ನಲಿ. ಮೊಲೆಹಾಲನ್ನು ಮಾತ್ರ ಬಿಡಿಸಕೂಡದು.

ಲಸಿಕೆ ಬರುವವರೆಗೆ ಓದುಗರು ಇಷ್ಟನ್ನು ನೆನಪಿಡಬೇಕು. ಕೂಸು ಅಳದೆ ಮಲಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಅದರ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಶಿಶುವಿಗೆ 50 ಅಥವಾ ಹೆಚ್ಚು ಬಂದರೆ ಅದು ಅಪಾಯದ ಉಸಿರು. ಪಕ್ಕೆ ಒಳಕ್ಕೆ ಕುಸಿಯುತ್ತಿದ್ದರೆ, ಮೊಲೆ ಕುಡಿಯಲಾರದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಎಣಿಕೆಗೂ ಕಾಯದೆ 108ಕ್ಕೆ ಕರೆಮಾಡಿ, ಆಮ್ಲಜನಕವಿರುವ ದವಾಖಾನೆಗೆ ಒಯ್ಯಿರಿ.